ವೆಲ್ಡಿಂಗ್ ಶಾಪಿನ ಸ್ಕಿಲ್ ಮ್ಯಾಟ್ರಿಕ್ಸನ್ನು ಆಂಟಾಲಜಿಗೆ ತರುವುದು: ಮಾಡಿ ಗೊತ್ತಿರುವವರು ಹೇಳಿ

ಪ್ರಶ್ನೆ

ಪೀಣ್ಯದಲ್ಲಿ ಪ್ರೆಷರ್ ವೆಸೆಲ್, ಹೀಟ್ ಎಕ್ಸ್‌ಚೇಂಜರ್ ಮಾಡುವ ಘಟಕ, ಸುಮಾರು 250 ಜನ. ಯಾರಿಗೆ ಏನು ಬರುತ್ತೆ ಅನ್ನೋದು ಈಗ ಒಂದು ಎಕ್ಸೆಲ್ ಹಾಳೆಯಲ್ಲಿದೆ. ಸಾಲಿಗೊಬ್ಬ ಕೆಲಸಗಾರ, ಕಾಲಂಗೊಂದು ಸ್ಕಿಲ್, ಒಳಗೆ 1ರಿಂದ 4ರವರೆಗೆ ಅಂಕಿ. ಆಡಿಟ್‌ಗೆ ತೋರಿಸೋಕೆ ಸಾಕು, ಕೆಲಸ ಹಂಚೋಕೆ ಪ್ರಯೋಜನವಿಲ್ಲ. ಹಿರಿಯ ಫೋರ್ಮನ್‌ಗಳು ಒಂದೆರಡು ವರ್ಷದಲ್ಲಿ ನಿವೃತ್ತರಾಗ್ತಾರೆ. ಆಂಟಾಲಜಿ (ವಿಷಯಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಕಂಪ್ಯೂಟರ್ ಓದುವಂತೆ ಬರೆದಿಡುವ ಮಾದರಿ) ಕಟ್ಟಿ ಅನ್ನೋ ಸಲಹೆ ಬಂದಿದೆ. ಯುರೋಪಿನ ಎಸ್ಕೋ ಅನ್ನೋ ವೃತ್ತಿ-ಸ್ಕಿಲ್‌ಗಳ ಪಟ್ಟಿ ಉಚಿತವಾಗಿ ಸಿಗುತ್ತಲ್ಲ, ಅದನ್ನೇ ಇಳಿಸಿಕೊಂಡು ಶುರು ಮಾಡಬಹುದಾ?

ನಾಲೆಡ್ಜ್ ಮಾಡೆಲಿಂಗ್ ಕೆಲಸದವರು

ಎಸ್ಕೋದಿಂದ ಶುರು ಮಾಡಬೇಡಿ. ಸ್ಕಿಲ್ ಪಟ್ಟಿಯಿಂದಲೇ ಶುರು ಮಾಡಬೇಡಿ. ಈ ವ್ಯವಸ್ಥೆ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಅನ್ನೋದನ್ನ ಮೊದಲು ಬರೆದಿಡಿ. ಟೊರಾಂಟೊ ವಿಶ್ವವಿದ್ಯಾಲಯದ ಗ್ರೂನಿಂಗರ್ ಮತ್ತು ಫಾಕ್ಸ್ 1995ರಲ್ಲಿ ಹೇಳಿಕೊಟ್ಟ ಕ್ರಮ ಇದು, ಇವತ್ತಿಗೂ ಇದಕ್ಕಿಂತ ಒಳ್ಳೇ ಆರಂಭ ಇಲ್ಲ. ಪ್ಲಾನಿಂಗ್, ಕ್ವಾಲಿಟಿ, ಎಚ್‌ಆರ್, ಶಾಪ್ ಫ್ಲೋರ್ ನಾಲ್ಕೂ ಕಡೆಯಿಂದ ಸೇರಿಸಿ 15–20 ಪ್ರಶ್ನೆ ಸಾಕು. ಉದಾಹರಣೆಗೆ: "ಈ ಜಾಯಿಂಟನ್ನು ಇವತ್ತು ಬೆಸೆಯಲು ಅರ್ಹರು ಯಾರು?", "ಮುಂದಿನ ತಿಂಗಳು ಯಾರ ಅರ್ಹತೆ ಮುಗಿಯುತ್ತೆ?", "ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದು?" ಇವುಗಳಲ್ಲಿ ಒಂದಕ್ಕೂ ಬೇಕಾಗದ ಕ್ಲಾಸ್ (ಒಂದೇ ಬಗೆಯವುಗಳ ವರ್ಗ) ಮಾದರಿಯೊಳಗೆ ಬರಬಾರದು.

ಈಗಿರುವ ಹಾಳೆಯ ಮೂಲ ದೋಷ ಅಂಕಿಯದಲ್ಲ. ಅದು ವ್ಯಕ್ತಿಗೂ ಸ್ಕಿಲ್ಲಿಗೂ ನೇರ ಗಂಟು ಹಾಕಿದೆ. "ಇವರಿಗೆ ಟಿಗ್ ವೆಲ್ಡಿಂಗ್ 3" (ಟಿಗ್: ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವ ವಿಧಾನ) ಅಂದರೆ ಯಾರು ಅಳೆದರು, ಯಾವಾಗ, ಯಾವ ಆಧಾರದ ಮೇಲೆ, ಎಲ್ಲಿಯವರೆಗೆ ಅನ್ನೋದಕ್ಕೆ ಜಾಗವೇ ಇಲ್ಲ. ಆರ್‌ಡಿಎಫ್‌ನಲ್ಲೂ (ಆಂಟಾಲಜಿಯ ಡೇಟಾ ಬರೆಯುವ ರೂಪ) ಅದೇ ನೇರ ಗೆರೆ ಎಳೆದರೆ ಎಕ್ಸೆಲ್‌ನ ತಪ್ಪನ್ನೇ ದುಬಾರಿ ರೂಪದಲ್ಲಿ ಮಾಡಿದಂತೆ. ನಡುವೆ "ಸಾಮರ್ಥ್ಯ ದಾಖಲೆ" ಅನ್ನುವ ಪ್ರತ್ಯೇಕ ನೋಡ್ (ಸಂಬಂಧಗಳ ಜಾಲದಲ್ಲಿ ಒಂದು ಬಿಂದು) ಇಡಿ. ವ್ಯಕ್ತಿ, ಸಾಮರ್ಥ್ಯ, ಮಟ್ಟ, ಪುರಾವೆ, ಅಳೆದವರು, ಅಳೆದ ದಿನ, ಕೊನೆಯ ದಿನ ಎಲ್ಲವೂ ಆ ನೋಡ್‌ಗೆ ತಗುಲಿಕೊಳ್ಳಲಿ. ಹೊಸ ಪರೀಕ್ಷೆ ಆದಾಗ ಹಳೇ ದಾಖಲೆ ತಿದ್ದಬೇಡಿ, ಹೊಸದು ಸೇರಿಸಿ. ಐಎಸ್‌ಒ 9001ರ 2015ರ ಆವೃತ್ತಿಯ ಕಲಂ 7.2 ಕೇಳುವುದೂ ಸಾಮರ್ಥ್ಯಕ್ಕೆ ಪುರಾವೆಯ ದಾಖಲೆಯನ್ನೇ. ಆಡಿಟ್ ಇದರಲ್ಲೇ ಮುಗಿಯುತ್ತೆ.

ಟಿಗ್ ವೆಲ್ಡಿಂಗನ್ನು ಔಲ್ (ಆಂಟಾಲಜಿ ಬರೆಯುವ ಭಾಷೆ) ಕ್ಲಾಸ್ ಮಾಡಬೇಡಿ. ಕ್ಲಾಸ್ ಆದರೆ ಅದರ ಸದಸ್ಯ ಯಾರು? ಬೆಸೆದ ಒಂದೊಂದು ಜಾಯಿಂಟೋ, ಬೆಸೆಯುವ ಮನುಷ್ಯನೋ? ಸ್ಕಿಲ್‌ಗಳನ್ನು ಸ್ಕಾಸ್ (ಪದಪಟ್ಟಿಗಳನ್ನು ಬರೆಯುವ ಮಾನಕ) ಕಾನ್ಸೆಪ್ಟ್‌ಗಳಾಗಿ ಇಡಿ. ವ್ಯಕ್ತಿ, ದಾಖಲೆ, ಪುರಾವೆ, ಕೆಲಸ, ಪಾತ್ರ, ವಿಭಾಗ ಇವು ಮಾತ್ರ ಕ್ಲಾಸ್. ವಿಭಾಗ, ಹುದ್ದೆ, ವರದಿ ಸರಪಳಿಗೆ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ 2014ರಲ್ಲಿ ಹೊರಡಿಸಿದ ಆರ್ಗ್ ಆಂಟಾಲಜಿ ತಯಾರಿದೆ. ಮೊದಲ ಆವೃತ್ತಿಗೆ 15–20 ಕ್ಲಾಸ್, 150–200 ಸ್ಕಿಲ್ ದಾಟಬೇಡಿ.

ಸ್ಕಾಸ್‌ನ ಮೇಲು-ಕೆಳಗಿನ ಸಂಬಂಧ ಹುಡುಕಾಟಕ್ಕೆ ಮಾತ್ರ. "ವೆಲ್ಡಿಂಗ್" ಅಡಿಯಲ್ಲಿ ಟಿಗ್, ಆರ್ಕ್ (ರಾಡ್‌ನಿಂದ ಬೆಸೆಯೋದು) ಎರಡೂ ಇವೆ ಅಂತ, ಒಂದು ಬಂದವರಿಗೆ ಇನ್ನೊಂದು ಬರುತ್ತೆ ಅನ್ನೋ ತೀರ್ಮಾನ ಎಲ್ಲೂ ನುಸುಳಬಾರದು. ಐಡಿಗಳಲ್ಲಿ ಹೆಸರು ತುರುಕಬೇಡಿ, ಬರೀ ಸಂಖ್ಯೆ ಇರಲಿ. ವಿಭಾಗದ ಹೆಸರು ಬದಲಾದ ದಿನ ಇದರ ಬೆಲೆ ತಿಳಿಯುತ್ತೆ.

ವೆಲ್ಡಿಂಗ್ ಕ್ವಾಲಿಟಿ ವಿಭಾಗದವರು

ಮೇಲಿನ ಉತ್ತರಕ್ಕೆ ವೆಲ್ಡಿಂಗ್ ಕಡೆಯಿಂದ ಮಾಂಸ ತುಂಬಬೇಕು. "6ಜಿ ವೆಲ್ಡರ್" (6ಜಿ: ಓರೆಯಾಗಿ ಅಲುಗದಂತೆ ನಿಲ್ಲಿಸಿದ ಪೈಪನ್ನು ಬೆಸೆಯುವ ಪರೀಕ್ಷೆ) ಅಂತ ಶಾಪಿನಲ್ಲಿ ಹೇಳ್ತೀವಲ್ಲ, ಅದು ಒಂದು ಸಾಮರ್ಥ್ಯ ಅಲ್ಲ. ಎಎಸ್‌ಎಂಇ ಸೆಕ್ಷನ್ 9ರ (ವೆಲ್ಡಿಂಗ್ ಅರ್ಹತೆಯ ಅಮೆರಿಕನ್ ಕೋಡ್) ಪ್ರಕಾರ ಅದು ಹಲವು ಮಿತಿಗಳ ಗುಚ್ಛ: ಪ್ರೋಸೆಸ್, ಪೊಸಿಷನ್, ಲೋಹ ತುಂಬಿದ ದಪ್ಪ, ಪೈಪಿನ ಹೊರವ್ಯಾಸ, ಫಿಲ್ಲರ್‌ನ (ತುಂಬುವ ಲೋಹದ) ಗುಂಪು ತೋರಿಸುವ ಎಫ್ ನಂಬರ್, ಬ್ಯಾಕಿಂಗ್ (ಹಿಂದಿನ ಆಸರೆ) ಇದೆಯೋ ಇಲ್ಲವೋ. ಇಷ್ಟೂ ದಾಖಲೆಯಲ್ಲಿ ಬೇರೆ ಬೇರೆ ಗುಣವಾಗಿ ಇರಬೇಕು.

2 ಇಂಚು ಶೆಡ್ಯೂಲ್ 80 ಪೈಪಿನ ಮೇಲೆ ಪೂರ್ತಿ ಟಿಗ್‌ನಲ್ಲಿ 6ಜಿ ಪರೀಕ್ಷೆ ಪಾಸಾದವರನ್ನು ತಗೊಳ್ಳಿ. ಹೊರವ್ಯಾಸ 60.3 ಮಿ.ಮೀ., ಗೋಡೆ 5.54 ಮಿ.ಮೀ. ಪೊಸಿಷನ್ ಎಲ್ಲವೂ ಸಿಕ್ಕಿತು. ವ್ಯಾಸ 25 ಮಿ.ಮೀ.ನಿಂದ ಮೇಲಕ್ಕೆ ಸಿಕ್ಕಿತು. ದಪ್ಪ ಮಾತ್ರ ಎರಡು ಪಟ್ಟು, ಅಂದರೆ 11.08 ಮಿ.ಮೀ.ವರೆಗೆ. ಅವರನ್ನು 16 ಮಿ.ಮೀ. ನಾಜಲ್ ಜಾಯಿಂಟ್‌ಗೆ ಹಾಕಿದರೆ ಕೋಡ್ ಉಲ್ಲಂಘನೆ. ಎಕ್ಸೆಲ್‌ನಲ್ಲಿ ಅವರಿಗೆ 4 ಅಂತಲೇ ಇರುತ್ತೆ! ದಪ್ಪಕ್ಕೆ ಮೇಲ್ಮಿತಿಯೇ ಬೇಡ ಅಂದರೆ ಪರೀಕ್ಷೆಯಲ್ಲಿ ಕನಿಷ್ಠ 3 ಪದರದಲ್ಲಿ 13 ಮಿ.ಮೀ. ಅಥವಾ ಹೆಚ್ಚು ಲೋಹ ತುಂಬಿರಬೇಕು. ರೂಟ್ (ಜಾಯಿಂಟ್‌ನ ತಳದ ಮೊದಲ ಪದರ) ಟಿಗ್‌ನಲ್ಲಿ, ಉಳಿದದ್ದು ಆರ್ಕ್‌ನಲ್ಲಿ ಮಾಡಿದ್ದರೆ ಎರಡರ ದಪ್ಪವನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಆದ್ದರಿಂದ ಒಂದು ಪರೀಕ್ಷೆಗೆ ಒಂದೇ ದಾಖಲೆ ಅಂದುಕೊಳ್ಳಬೇಡಿ, ಪ್ರೋಸೆಸ್‌ಗೊಂದು ದಾಖಲೆ.

ಇನ್ನೊಂದು, ಅವಧಿ. ಒಂದು ಪ್ರೋಸೆಸ್‌ನಲ್ಲಿ 6 ತಿಂಗಳು ವೆಲ್ಡ್ ಮಾಡದಿದ್ದರೆ ಆ ಪ್ರೋಸೆಸ್‌ನ ಅರ್ಹತೆ ಬಿದ್ದುಹೋಗುತ್ತೆ. ಕೊನೆಯ ದಿನಾಂಕವನ್ನು ಕೈಯಲ್ಲಿ ಟೈಪ್ ಮಾಡಿಸಿದರೆ ಮೂರನೇ ತಿಂಗಳಿಗೆ ಅದು ಹಳಸಿರುತ್ತೆ. ದಿನದ ವೆಲ್ಡ್ ಲಾಗ್‌ನಿಂದ ತಾನಾಗಿ ಬರುವಂತೆ ಮಾಡಿ. ಆ ಲಾಗ್‌ನಲ್ಲಿ ವೆಲ್ಡರ್ ಸ್ಟ್ಯಾಂಪ್ ನಂಬರ್, ಜಾಯಿಂಟ್ ನಂಬರ್, ಪ್ರೋಸೆಸ್ ಮೂರೂ ಇದ್ದೇ ಇರುತ್ತೆ. ಎನ್‌ಡಿಟಿಯವರಿಗೆ (ಜಾಯಿಂಟನ್ನು ಹಾಳುಮಾಡದೆ ಪರೀಕ್ಷಿಸುವವರು) ಲೆಕ್ಕ ಬೇರೆ. ಅವರ ಅರ್ಹತೆಯ ಎಸ್‌ಎನ್‌ಟಿ-ಟಿಸಿ-1ಎ ಪದ್ಧತಿಯಲ್ಲಿ ಸರ್ಟಿಫಿಕೇಟ್‌ಗೆ ಗರಿಷ್ಠ 5 ವರ್ಷ, ಹತ್ತಿರದ ದೃಷ್ಟಿ ಪರೀಕ್ಷೆ ಮಾತ್ರ ಪ್ರತಿ ವರ್ಷ. ಅವೆರಡನ್ನೂ ಎರಡು ಪುರಾವೆಯಾಗಿ ಇಡಿ, ಇಲ್ಲದಿದ್ದರೆ ಕಣ್ಣಿನ ಪರೀಕ್ಷೆ ತಪ್ಪಿದ್ದು ಯಾರಿಗೂ ಕಾಣಲ್ಲ.

ಡಬ್ಲ್ಯುಪಿಎಸ್ (ಹೇಗೆ ಬೆಸೆಯಬೇಕು ಅನ್ನುವ ಲಿಖಿತ ವಿಧಾನ) ವ್ಯಕ್ತಿಯ ಸಾಮರ್ಥ್ಯ ಅಲ್ಲ. ಅದು ಬೇಡಿಕೆಯ ಪಕ್ಕಕ್ಕೆ ಸೇರಿದ್ದು: ಜಾಯಿಂಟ್‌ಗೆ ಡಬ್ಲ್ಯುಪಿಎಸ್ ಬೇಕು, ಡಬ್ಲ್ಯುಪಿಎಸ್ ಇಂಥ ಮಿತಿ ಕೇಳುತ್ತೆ. ಇನ್ನೊಂದು ಪಕ್ಕದಲ್ಲಿ ವ್ಯಕ್ತಿಯ ದಾಖಲೆ. ಎರಡೂ ಪಕ್ಕಗಳನ್ನು ತಾಳೆ ನೋಡುವುದೇ ನಿಮ್ಮ ಮೊದಲನೇ ಪ್ರಶ್ನೆಯ ಉತ್ತರ.

ಸೆಮ್ಯಾಂಟಿಕ್ ವೆಬ್ ಡೆವಲಪರ್

ಆ ತಾಳೆಯನ್ನು ರೀಸನರ್‌ಗೆ (ಔಲ್ ನಿಯಮಗಳಿಂದ ತೀರ್ಮಾನ ತೆಗೆಯುವ ಪ್ರೋಗ್ರಾಂ) ಬಿಡಬೇಡಿ. ದಾಖಲೆಯ ಗರಿಷ್ಠ ದಪ್ಪ ಜಾಯಿಂಟ್‌ನ ದಪ್ಪಕ್ಕಿಂತ ಹೆಚ್ಚಿದೆಯೇ ಅಂತ ಎರಡು ನೋಡ್‌ಗಳ ಅಂಕಿ ಹೋಲಿಸೋದು ಔಲ್ 2ರಲ್ಲಿ ಆಗಲ್ಲ. "ಇವತ್ತಿಗೆ 6 ತಿಂಗಳ ಹಿಂದೆ" ಅನ್ನೋದೂ ಆಗಲ್ಲ. ಎರಡೂ ಸ್ಪಾರ್ಕಲ್ (ಆರ್‌ಡಿಎಫ್ ಡೇಟಾವನ್ನು ಪ್ರಶ್ನಿಸುವ ಭಾಷೆ) ಪ್ರಶ್ನೆಯ ಕೆಲಸ. ದಿನಾಂಕದಿಂದ ತಿಂಗಳು ಕಳೆಯೋದು ಸ್ಪಾರ್ಕಲ್ 1.1ರ ಮಾನಕದಲ್ಲಿಲ್ಲ, ಕೆಲವು ಸರ್ವರ್‌ಗಳು ತಮ್ಮದೇ ರೀತಿಯಲ್ಲಿ ಮಾಡುತ್ತವೆ. ಗಡಿ ದಿನಾಂಕವನ್ನು ಹೊರಗೆ ಲೆಕ್ಕ ಹಾಕಿ ಪ್ರಶ್ನೆಯೊಳಗೆ ಸೇರಿಸೋದು ಸುರಕ್ಷಿತ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. "ಪ್ರತಿ ದಾಖಲೆಗೂ ಪುರಾವೆ ಇರಲೇಬೇಕು" ಅಂತ ಔಲ್‌ನಲ್ಲಿ ಬರೆದು, ಪುರಾವೆಯೇ ಇಲ್ಲದ ದಾಖಲೆ ಹಾಕಿ ನೋಡಿ. ರೀಸನರ್ ತುಟಿಪಿಟಕ್ ಅನ್ನಲ್ಲ. ಪುರಾವೆ ಎಲ್ಲೋ ಇದೆ, ನನಗಿನ್ನೂ ಹೇಳಿಲ್ಲ ಅಂತಲೇ ಅದು ತಿಳಿಯುತ್ತೆ. "ಅಳೆದವರು ಒಬ್ಬರೇ" ಅಂತ ನಿಯಮ ಬರೆದು ಇಬ್ಬರನ್ನು ಹಾಕಿದರೆ ಇನ್ನೂ ಕಷ್ಟ: ಅವರಿಬ್ಬರೂ ಬೇರೆ ಅಂತ ನೀವು ಘೋಷಿಸಿರದಿದ್ದರೆ ಇಬ್ಬರೂ ಒಂದೇ ವ್ಯಕ್ತಿ ಅಂತ ತೀರ್ಮಾನಿಸಿ ದಾಖಲೆಗಳನ್ನು ಬೆರೆಸಿಬಿಡುತ್ತೆ. ಡೇಟಾ ಪೂರ್ಣವಾಗಿದೆಯೇ ಅಂತ ತಪಾಸಿಸಲು 2017ರಿಂದ ಶ್ಯಾಕಲ್ ಅನ್ನುವ ಮಾನಕ ಇದೆ. ಆ ನಿಯಮಗಳೆಲ್ಲ ಅಲ್ಲಿರಲಿ, ರಾತ್ರಿಗೊಮ್ಮೆ ಓಡಿಸಿ, ತಪ್ಪಿನ ಪಟ್ಟಿ ಬೆಳಿಗ್ಗೆ ಕ್ವಾಲಿಟಿಯವರ ಮೇಜಿಗೆ ಹೋಗಲಿ.

ಸಲಕರಣೆ: ಕ್ಲಾಸ್ ಬರೆಯಲು ಪ್ರೊಟೆಜೆ, ಡೇಟಾ ಇಡಲು ಅಪಾಚೆ ಜೀನಾ ಫ್ಯೂಸೆಕಿ, ತಪಾಸಣೆಗೆ ಪೈಶ್ಯಾಕಲ್. ಮೂರೂ ಉಚಿತ. 250 ಜನರ ಡೇಟಾಗೆ ಸಾಮಾನ್ಯ ಆಫೀಸ್ ಕಂಪ್ಯೂಟರ್ ಸಾಕು. ಶಾಪಿನವರಿಗೆ ಪ್ರೊಟೆಜೆ ತೋರಿಸಲೇಬೇಡಿ, ಅವರಿಗೆ ಫಾರ್ಮ್ ಕೊಡಿ.

ಸ್ಕಿಲ್ ತರಬೇತಿ ಕ್ಷೇತ್ರದವರು

ಎಸ್ಕೋ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ಅದರಲ್ಲಿ ಸುಮಾರು 3,000 ವೃತ್ತಿ, 13,900ರಷ್ಟು ಸ್ಕಿಲ್ ಇವೆ. 28 ಭಾಷೆಗಳಲ್ಲಿ ಸಿಗುತ್ತೆ, ಭಾರತದ ಒಂದು ಭಾಷೆಯೂ ಇಲ್ಲ. ವೆಲ್ಡಿಂಗ್‌ನಲ್ಲಿ ಪೊಸಿಷನ್, ದಪ್ಪದ ಆಳಕ್ಕೆ ಅದು ಇಳಿಯೋದಿಲ್ಲ. ನಿಮ್ಮ ಕಾನ್ಸೆಪ್ಟ್‌ನಿಂದ ಅದರತ್ತ ಒಂದು ಹೊಂದಾಣಿಕೆಯ ಕೊಂಡಿ ಹಾಕಿ ಬಿಡಿ, ಅಷ್ಟೇ. ನಮ್ಮ ದೇಶದ ವೃತ್ತಿ ವರ್ಗೀಕರಣ ಎನ್‌ಸಿಒ 2015 ಮತ್ತು ಎಸ್ಕೋ ಎರಡೂ ಅಂತರರಾಷ್ಟ್ರೀಯ ವೃತ್ತಿ ವರ್ಗೀಕರಣ ಐಎಸ್‌ಸಿಒ-08ರ ಮೇಲೆ ನಿಂತಿರೋದರಿಂದ ನಾಲ್ಕಂಕಿ ಗುಂಪಿನಲ್ಲಿ ಸೇರಿಸೋದು ಸುಲಭ. ವೆಲ್ಡರ್‌ಗಳ ಗುಂಪು 7212.

ಎನ್‌ಎಸ್‌ಕ್ಯುಎಫ್ (ಭಾರತದ ಸ್ಕಿಲ್ ಅರ್ಹತೆಗಳ ಚೌಕಟ್ಟು) ಮಟ್ಟ ದಾಖಲಿಸುವಾಗ ಎಚ್ಚರ. 2013ರ ಚೌಕಟ್ಟಿನಲ್ಲಿ 10 ಮಟ್ಟ ಇದ್ದವು. 2023ರ ಪರಿಷ್ಕರಣೆಯಲ್ಲಿ 8 ಆಯಿತು, ನಡುನಡುವೆ 3.5, 4.5ರಂಥ ಅರ್ಧ ಮಟ್ಟಗಳೂ ಬಂದವು. ಬರೀ "ಮಟ್ಟ 4" ಅಂತ ಬರೆದರೆ ಯಾವ ಏಣಿಯ 4 ಅನ್ನೋದು ಗೊತ್ತಾಗಲ್ಲ. ಮಟ್ಟದ ಜೊತೆಗೆ ಚೌಕಟ್ಟಿನ ವರ್ಷವೂ ಇರಲಿ.

ಲೇಬಲ್‌ಗಳನ್ನು ಕನ್ನಡದಲ್ಲೂ ಹಾಕಿ. ಸ್ಕಾಸ್‌ನಲ್ಲಿ ಭಾಷೆಗೊಂದೇ ಮುಖ್ಯ ಲೇಬಲ್, ಪರ್ಯಾಯ ಲೇಬಲ್ ಎಷ್ಟಾದರೂ ಹಾಕಬಹುದು. ಶಾಪಿನಲ್ಲಿ ಟಿಗ್‌ಗೆ ಆರ್ಗಾನ್ ವೆಲ್ಡಿಂಗ್, ಮ್ಯಾಗ್‌ಗೆ ಸಿಒ2 ವೆಲ್ಡಿಂಗ್ ಅಂತಾರೆ. ಆ ಹೆಸರು ಹುಡುಕಿದರೆ ಸಿಗದ ವ್ಯವಸ್ಥೆಯನ್ನು ಯಾರೂ ಎರಡನೇ ಸಲ ತೆರೆಯಲ್ಲ.

ಪ್ರಶ್ನೆ ಕೇಳಿದವರು

ಸರ್ಟಿಫಿಕೇಟ್ ಇರುವ ಭಾಗ ಸ್ಪಷ್ಟವಾಯ್ತು. ಫೋರ್ಮನ್‌ಗಳ ತಲೆಯಲ್ಲಿರೋದಕ್ಕೆ ಸರ್ಟಿಫಿಕೇಟ್ ಇಲ್ಲವಲ್ಲ?

ನಾಲೆಡ್ಜ್ ಮಾಡೆಲಿಂಗ್ ಕೆಲಸದವರು

ಅದನ್ನು ಆಂಟಾಲಜಿ ಹಿಡಿದಿಡಲ್ಲ. ಯಾರ ಹತ್ತಿರ ಏನಿದೆ, ಯಾವ ಕೆಲಸಕ್ಕೆ ಬೇಕು, ಎಲ್ಲಿ ಬರೆದಿದೆ ಅಂತ ಬೆರಳು ತೋರಿಸುತ್ತೆ. ಅದೇ ದೊಡ್ಡ ಉಪಕಾರ, ಯಾಕಂದರೆ "ಒಬ್ಬರಿಗೇ ಗೊತ್ತು, ದಾಖಲೆ ಇಲ್ಲ, ಅವರು ಎರಡು ವರ್ಷದಲ್ಲಿ ಹೊರಡ್ತಾರೆ" ಅನ್ನುವ ಪಟ್ಟಿ ಒಂದೇ ಪ್ರಶ್ನೆಗೆ ಬಂದುಬಿಡುತ್ತೆ. ಆ ಪಟ್ಟಿಯ ಮೇಲ್ತುದಿಯಿಂದ ಕೆಲಸ ಶುರು ಮಾಡಿ.

"ನಿಮಗೆ ಏನು ಗೊತ್ತು" ಅಂತ ಕೇಳಿದರೆ ಯಾವ ಫೋರ್ಮನ್ನೂ ಉತ್ತರ ಹೇಳಲಾರರು. ಗ್ಯಾರಿ ಕ್ಲೈನ್ ಮತ್ತು ಸಂಗಡಿಗರು 1989ರಲ್ಲಿ ವಿವರಿಸಿದ ವಿಧಾನದಲ್ಲಿ ನಡೆದ ಒಂದೇ ಘಟನೆಯನ್ನು ಹಿಡಿದು ಕೂರುತ್ತಾರೆ. ರಿಜೆಕ್ಟ್ ಆದ ಒಂದು ಜಾಬಿನ ಎನ್‌ಸಿಆರ್ (ದೋಷದ ವರದಿ) ಕೈಯಲ್ಲಿಟ್ಟುಕೊಂಡು ಮುಕ್ಕಾಲು ಗಂಟೆ ಕೂತುಕೊಳ್ಳಿ. ಮೊದಲು ಕಣ್ಣಿಗೆ ಬಿದ್ದದ್ದೇನು, ಯಾವ ಕಾರಣವನ್ನು ಯಾಕೆ ತಳ್ಳಿಹಾಕಿದಿರಿ, ಹೊಸಬರು ಇಲ್ಲಿ ಏನು ಮಾಡಿಬಿಡುತ್ತಿದ್ದರು, ಇಷ್ಟೇ ಕೇಳಿ. ಬಂದ ಉತ್ತರವನ್ನು ಲಕ್ಷಣ, ಕಾರಣ, ಪರೀಕ್ಷಿಸುವ ಬಗೆ, ಪರಿಹಾರ ಅಂತ ನಾಲ್ಕು ನೋಡ್‌ಗೆ ಒಡೆಯಿರಿ. ಸ್ಟೇನ್‌ಲೆಸ್ ಪೈಪಿನ ಒಳಗೆ ರೂಟ್ ಕಪ್ಪಾಗಿ ಹರಳುಗಟ್ಟಿದೆ ಅನ್ನೋದು ಲಕ್ಷಣ. ಒಳಗಿನ ಆರ್ಗಾನ್ ಪರ್ಜ್ (ಗಾಳಿ ಹೊರದೂಡಲು ಅನಿಲ ತುಂಬೋದು) ಸಾಲದ್ದು ಕಾರಣ. ಪರ್ಜ್ ಡ್ಯಾಮ್‌ನ ಸೋರಿಕೆ, ಬೆಸೆಯುವ ಮುಂಚೆ ಒಳಗಿನ ಆಮ್ಲಜನಕದ ಪ್ರಮಾಣ ನೋಡೋದು ಪರೀಕ್ಷೆ. ಪೊರಾಸಿಟಿಯಲ್ಲಿ (ವೆಲ್ಡ್‌ನೊಳಗಿನ ಅನಿಲದ ರಂಧ್ರಗಳು) ಒಂದೇ ಲಕ್ಷಣಕ್ಕೆ ಹಲವು ಕಾರಣ: ಬಾಗಿಲಿನ ಗಾಳಿ, ತೇವ ಹಿಡಿದ 7018 ರಾಡ್, ಎಣ್ಣೆ ಅಂಟಿದ ಅಂಚು. ಯಾವುದನ್ನು ಮೊದಲು ನೋಡಬೇಕು ಅನ್ನುವ ಕ್ರಮ ಇದೆಯಲ್ಲ, ಫೋರ್ಮನ್‌ಗಳ ನಿಜವಾದ ಆಸ್ತಿ ಅದು. ಅದಕ್ಕೊಂದು ಕ್ರಮಸಂಖ್ಯೆಯ ಗುಣ ಕೊಡೋದನ್ನ ಮರೆಯಬೇಡಿ.

"4 ಅಂದರೆ ಕಲಿಸಬಲ್ಲರು" ಅನ್ನುವ ರೂಢಿಯನ್ನೂ ಬಿಡಿ. ಅದ್ಭುತವಾಗಿ ಬೆಸೆಯುವವರಿಗೆ ಹೇಳಿಕೊಡಲು ಬರದೇ ಇರಬಹುದು. ಕಲಿಸುವುದನ್ನು ಬೇರೆ ಸಾಮರ್ಥ್ಯವಾಗಿ ಅಳೆಯಿರಿ, ನಿವೃತ್ತಿಗೆ ಮುಂಚೆ ಯಾರ ಕೈಕೆಳಗೆ ಯಾರನ್ನು ಹಾಕಬೇಕು ಅನ್ನೋದು ಅದರಿಂದಲೇ ನಿರ್ಧಾರವಾಗುತ್ತೆ.

ಎಚ್‌ಆರ್ ಕಡೆಯಿಂದ

ಒಂದೇ ವಿನಂತಿ: ಈ ಮಟ್ಟಗಳನ್ನು ಇನ್‌ಕ್ರಿಮೆಂಟ್‌ಗೆ ಜೋಡಿಸಬೇಡಿ. ಜೋಡಿಸಿದ ವರ್ಷದಿಂದ ಅಂಕಿಗಳು ಮೇಲೇರುತ್ತವೆ, ಕೆಲಸ ಹಂಚೋಕೆ ಮತ್ತೆ ಫೋರ್ಮನ್‌ನ ನೆನಪೇ ಗತಿ ಆಗುತ್ತೆ. ಕಣ್ಣಿನ ಪರೀಕ್ಷೆಯ ಫಲಿತಾಂಶದಂಥದ್ದು ವೈಯಕ್ತಿಕ ಡೇಟಾ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತೆ. ಅದನ್ನು ಪ್ರತ್ಯೇಕ ಗ್ರಾಫ್‌ನಲ್ಲಿಟ್ಟು, ಪ್ಲಾನಿಂಗ್‌ನವರಿಗೆ "ಅರ್ಹ / ಅರ್ಹರಲ್ಲ" ಅನ್ನೋದಷ್ಟೇ ಕಾಣಿಸಿ. ಪ್ರತಿಯೊಬ್ಬ ಕೆಲಸಗಾರರಿಗೂ ತಮ್ಮ ದಾಖಲೆ ನೋಡಿ ತಪ್ಪಿದ್ದರೆ ಹೇಳುವ ದಾರಿ ಮೊದಲ ದಿನದಿಂದಲೇ ಇರಲಿ.