'ಓದಿದ್ದಾನೆ', 'ಓದಿದ್ದಾಳೆ', ಮತ್ತೊಂದು? ಏಕವಚನದ ಕ್ರಿಯಾರೂಪದ ಬಗ್ಗೆ ಒಂದು ಪ್ರಶ್ನೆ

ಮಾನ್ಯರೆ,

ಒಬ್ಬ ವ್ಯಕ್ತಿಯನ್ನು ಗಂಡೆಂದಾಗಲಿ ಹೆಣ್ಣೆಂದಾಗಲಿ ಸೂಚಿಸದೆ, ಗೌರವದ ಬಹುವಚನಕ್ಕೆ ಏರಿಸದೆ, 'ಅದು' ಎಂಬ ತಾತ್ಸಾರಕ್ಕೂ ಇಳಿಸದೆ, ಪ್ರಥಮ ಪುರುಷದ ಏಕವಚನದಲ್ಲಿ ಹೇಳುವ ರೂಢಿ ಕನ್ನಡದ ಯಾವ ಭಾಗದಲ್ಲಾದರೂ ಇದೆಯೇ ಎಂಬುದು ನನ್ನ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಆ್ಯಪ್‌ಗಳ ಪರದೆಯ ಮೇಲೆ ಮೂಡುವ ಕನ್ನಡ ಸಾಲುಗಳನ್ನು ಸಿದ್ಧಪಡಿಸುವುದೂ ನನ್ನ ಪಾಲಿಗೇ ಬರುತ್ತದೆ. ಗಂಡು, ಹೆಣ್ಣು ಎಂಬ ಎರಡು ಗುರುತುಗಳಲ್ಲಿ ಯಾವುದೂ ನನ್ನದಲ್ಲ. ಇಂಥವರನ್ನು ಈಗ ನಾನ್‌ಬೈನರಿ ಎನ್ನುತ್ತಾರೆ, ಸದ್ಯಕ್ಕೆ ನಾನೂ ಅದೇ ಮಾತನ್ನು ಬಳಸುತ್ತೇನೆ. ಇಷ್ಟೆಲ್ಲ ಹೇಳಿಕೊಂಡರೂ ಈ ಪತ್ರದ ಒಂದು ಕ್ರಿಯಾಪದವೂ ನನ್ನನ್ನು ಯಾವ ಕಡೆಗೂ ವಾಲಿಸಿಲ್ಲ. ಹಿಂದಿಯಲ್ಲಿ ಬರೆದಿದ್ದರೆ 'ನಾನು ಬರೆಯುತ್ತೇನೆ' ಎನ್ನುವಾಗಲೇ ಒಂದು ಪಕ್ಷ ಹಿಡಿಯಬೇಕಾಗುತ್ತಿತ್ತು. ಕನ್ನಡದ ಉತ್ತಮ, ಮಧ್ಯಮ ಪುರುಷಗಳಲ್ಲಿ ಆ ಕಾಟವಿಲ್ಲ. ತೊಡಕು ಹುಟ್ಟುವುದು ನನ್ನ ಸುದ್ದಿಯನ್ನು ಇನ್ನೊಬ್ಬರು ಹೇಳುವಾಗ, ಮತ್ತು ಈಗೀಗ ಆ ಇನ್ನೊಬ್ಬರ ಜಾಗದಲ್ಲಿ ಹೆಚ್ಚಾಗಿ ಯಂತ್ರವೇ ಕುಳಿತಿರುತ್ತದೆ.

'ಶಶಿ ನಿಮ್ಮ ಸಂದೇಶವನ್ನು ಓದಿದ್ದಾನೆ' ಎಂಬ ಸಾಲನ್ನು ತೆಗೆದುಕೊಳ್ಳೋಣ. ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಲಿಂಗಕ್ಕೆ ತಕ್ಕ ವಾಕ್ಯವನ್ನು ಯಂತ್ರವೇ ಆರಿಸಿಕೊಳ್ಳುವಂತೆ ಬರೆಯುವ ಏರ್ಪಾಡು ತಂತ್ರಾಂಶಗಳಲ್ಲಿ ಇದೆ. ಬೇರೆಬೇರೆ ಭಾಷೆಗಳ ಸಾಲುಗಳನ್ನು ಸಿದ್ಧಪಡಿಸಲು ನೆರವಾಗುವ, ಯೂನಿಕೋಡ್ ಒಕ್ಕೂಟದ ಐಸಿಯು (ICU) ಎಂಬ ಸಿದ್ಧ ಕೋಡಿನ ಲೈಬ್ರರಿಯಲ್ಲಿ ಇಂಥ ಸಾಲು ಬರೆಯುವಾಗ ಗಂಡು, ಹೆಣ್ಣು ಎಂಬ ಕವಲುಗಳನ್ನು ಬಿಟ್ಟರೂ ನಡೆಯುತ್ತದೆ, ಆದರೆ 'ಇತರೆ' ಎಂಬ ಕವಲು ಕಡ್ಡಾಯ. ಅದಿಲ್ಲದಿದ್ದರೆ ಸಾಲು ಕೆಲಸ ಮಾಡದೆ ಎರರ್ ಕೊಡುತ್ತದೆ. ಯಂತ್ರದ ನಿಯಮವೇ ಹೀಗೆ ಜಾಗ ಬಿಡಿಸಿರುವಾಗ, ನಾನು ಹಿಂದೆ ದುಡಿದ ಒಂದು ಕಂಪನಿಯಲ್ಲಿ ಆ ಕವಲಿಗೆ 'ಓದಿದ್ದಾನೆ' ಎಂಬುದನ್ನೇ ನಕಲು ಮಾಡಿ ಅಂಟಿಸಿದ್ದರು. ಕೇಳಿದರೆ, "ಅದನ್ನ ಯಾರು ಆರಿಸ್ತಾರ್ರೀ, ಖಾಲಿ ಬಿಟ್ರ ಎರರ್ ಬರ್ತದ" ಎಂಬ ಉತ್ತರ ಬಂತು. ಕೆಟ್ಟ ಮನಸ್ಸಿನಿಂದ ಆಡಿದ ಮಾತು ಅದಲ್ಲ. ಆದರೆ ಯಾವ ಸಭೆಯಲ್ಲೂ ಚರ್ಚೆಯಾಗದ, ಯಾರ ಸಹಿಯೂ ಇಲ್ಲದ ಇಂಥ ತೀರ್ಮಾನ ಬಳಕೆದಾರರೆಲ್ಲರ ಪರದೆಗೂ ತಲುಪುತ್ತದೆ ಎಂಬ ಕಾರಣಕ್ಕೆ ನಾನು ಇದನ್ನು ರಾಜಕೀಯ ಎಂದೇ ಕರೆಯುತ್ತೇನೆ. ದತ್ತಾಂಶದ ಮಟ್ಟದಲ್ಲಿಯೂ ಸ್ಥಿತಿ ಬೇರೆಯಲ್ಲ: ಐಎಸ್ಒ 5218 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ 1 ಎಂದರೆ ಗಂಡು, 2 ಎಂದರೆ ಹೆಣ್ಣು, 0 ಎಂದರೆ ತಿಳಿಯದು, 9 ಎಂದರೆ ಅನ್ವಯಿಸದು. ನನ್ನ ವಿಷಯ ತಿಳಿಯದ್ದೂ ಅಲ್ಲ, ಅನ್ವಯಿಸದ್ದೂ ಅಲ್ಲ.

'ಓದಿದ್ದಾರೆ' ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಹಲವರು ಹೇಳುತ್ತಾರೆ, ಪರದೆಯ ಮಟ್ಟಿಗೆ ಅದು ಸರಿಯೂ ಹೌದು. ಅಪರಿಚಿತರನ್ನು ಏಕವಚನದಲ್ಲಿ ಕರೆಯುವ ಆ್ಯಪು ನಮ್ಮ ಕಡೆ ಯಾರಿಗೂ ಹಿಡಿಸುವುದಿಲ್ಲ. ಆದರೆ 'ಅವರು' ಎಂಬುದರಲ್ಲಿ ಲಿಂಗ ಇಲ್ಲದಿದ್ದರೂ ಅಂತರ ಇದೆ. ಒಂದೇ ತಾಟಿನಲ್ಲಿ ಗಿರಮಿಟ್ಟು ತಿನ್ನುವ ಗೆಳೆಯರು ಉಳಿದವರಿಗೆಲ್ಲ 'ಅಂವ ಬಂದಾನ', 'ಆಕಿ ಬಂದಾಳ' ಎಂದು ಹೇಳಿ, ನನ್ನೊಬ್ಬರ ಸರದಿ ಬಂದಾಗ ಮಾತ್ರ 'ಅವರು ಬಂದಾರ' ಎಂದರೆ, ಗೌರವ ಸಿಕ್ಕಿತೆಂದು ಹಿಗ್ಗುವುದಕ್ಕಿಂತ ಬಳಗದಿಂದ ಒಂದು ಹೆಜ್ಜೆ ಆಚೆ ನಿಲ್ಲಿಸಿದಂತೆ ಅನಿಸುತ್ತದೆ. (ಹೆಂಡತಿ ಗಂಡನ ಹೆಸರು ಹಿಡಿಯದೆ 'ಅವರು' ಎನ್ನುವ ಹಳೆಯ ರೂಢಿ ಇರುವ ಮನೆಗಳಲ್ಲಿ ಈ ಪದ ಬೇರೆಯೇ ನಗೆಗೆ ಕಾರಣವಾಗುತ್ತದೆ.)

ಇದಕ್ಕೆ ದಾರಿ ಹುಡುಕುವಾಗ ಕಂಡ ಒಂದು ಸಂಗತಿಯನ್ನು ಇಲ್ಲಿ ಬಲ್ಲವರ ಮುಂದಿಡುತ್ತೇನೆ. ಇಂದಿನ ಕನ್ನಡದಲ್ಲಿ ಲಿಂಗ ಕಾಣಿಸಿಕೊಳ್ಳುವುದು 'ಬಂದನು', 'ಬರುತ್ತಾಳೆ' ಎಂದು ಹೇಳುವ ಪೂರ್ಣ ಕ್ರಿಯಾಪದದಲ್ಲಿ. 'ಇಲ್ಲ', 'ಬಹುದು', 'ಬೇಕು' ಎನ್ನುವಾಗ ಅದು ಕಾಣಿಸುವುದಿಲ್ಲ. 'ಶಶಿ ಓದಿಲ್ಲ', 'ಶಶಿ ಬರಲಿಲ್ಲ', 'ಶಶಿ ಬರಬಹುದು', 'ಶಶಿ ಬರಬೇಕು' ಇವೆಲ್ಲ ಯಾರಿಗೂ ಸಲ್ಲುತ್ತವೆ. 'ಬಾರನು', 'ಬಾರಳು' ಎಂಬ ಹಳೆಯ ನಿಷೇಧರೂಪಗಳು ಆಡುಮಾತಿನಿಂದ ದೂರವಾಗಿವೆ. 'ಶಶಿಗೆ ತಿಳಿದಿದೆ', 'ಶಶಿಗೆ ಹಿಡಿಸಿದೆ' ಎಂಬಂಥ ಚತುರ್ಥಿಯ ವಾಕ್ಯಗಳಲ್ಲಿ ಕ್ರಿಯೆಯು ವ್ಯಕ್ತಿಯನ್ನು ಬಿಟ್ಟು ವಿಷಯದ ಜೊತೆ ಹೊಂದಿಕೊಳ್ಳುತ್ತದೆ. ನಮ್ಮ ಧಾರವಾಡ ಸೀಮೆಯ 'ಶಶೀದು ಊಟಾ ಆತು', 'ಶಶೀದು ಓದಿ ಆತು' ಎಂಬ ಬಳಕೆ ಇದಕ್ಕಿಂತಲೂ ಒಳ್ಳೆಯದು: ಏಕವಚನದ ಸಲಿಗೆ ಇದೆ, ಲಿಂಗವಿಲ್ಲ, ತಾತ್ಸಾರವೂ ಇಲ್ಲ. 'ಓದಲಾಗಿದೆ' ಎಂಬ ಕಚೇರಿಯ ಕನ್ನಡಕ್ಕಿಂತ ನನಗೆ ಇದು ಎಷ್ಟೋ ಹಿತವೆನಿಸುತ್ತದೆ. ಆದರೆ ಎಲ್ಲ ಕ್ರಿಯೆಗಳಿಗೂ ಇದು ಒಗ್ಗುವುದಿಲ್ಲ. 'ಶಶಿ ನಕ್ಕಳು' ಎಂಬುದನ್ನು 'ಶಶೀದು ನಕ್ಕಾತು' ಎಂದು ತಿರುಗಿಸಿದರೆ ಕೇಳಿದವರೇ ನಗುತ್ತಾರೆ.

ಶಾಲೆಯ ವ್ಯಾಕರಣವು 'ನಾನು', 'ನೀನು', 'ತಾನು' ಇವುಗಳನ್ನು ವಾಚ್ಯಲಿಂಗವೆಂದೂ, 'ಕೂಸು', 'ಶಿಶು' ಇವುಗಳನ್ನು ನಿತ್ಯನಪುಂಸಕಲಿಂಗವೆಂದೂ ಬೇರೆಯಾಗಿ ಗುರುತಿಸುತ್ತದೆ. 'ಕೂಸು ಮಲಗಿತು' ಎಂದರೆ ಅವಮಾನವಲ್ಲ. ಹವ್ಯಕ ಕನ್ನಡದಲ್ಲಿ ಹೆಂಗಸರನ್ನೂ 'ಅದು ಬಂತು' ಎನ್ನುತ್ತಾರೆ, ಅಲ್ಲಿಯೂ ಅಗೌರವದ ಭಾವವಿಲ್ಲ. ಆದರೂ ಬೆಳೆದ ವ್ಯಕ್ತಿಯನ್ನು ನಮ್ಮ ಕಡೆ 'ಅದು' ಎಂದರೆ ಅದು ಬೈಗುಳವೇ, 'ನಪುಂಸಕ' ಎಂಬ ಪಾರಿಭಾಷಿಕ ಪದದ ಗತಿಯೂ ಹಾಗೆಯೇ ಆಗಿದೆ. ಆದ್ದರಿಂದ ಆ ದಾರಿಯನ್ನು ನಾನು ಬಿಟ್ಟಿದ್ದೇನೆ.

ನಾನ್‌ಬೈನರಿ ಎಂಬುದಕ್ಕೆ ಕನ್ನಡದಲ್ಲಿ ಯಾವ ಹೆಸರು ಇರಬೇಕು ಎಂಬ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಚರ್ಚೆಯೆಲ್ಲ ಹೆಸರಿನ ಸುತ್ತಲೇ ನಡೆದು ಕ್ರಿಯಾಪದ ಹಿಂದೆ ಉಳಿದಿದೆ ಎಂಬುದೇ ನನ್ನ ದೂರು. 'ಅದ್ವಿಲಿಂಗಿ' ಎಂದು ಸೂಚಿಸುವವರಿಗೆ ಇಷ್ಟೇ ಹೇಳಬಹುದು: ಸಸ್ಯಶಾಸ್ತ್ರದಲ್ಲಿ ದ್ವಿಲಿಂಗಿ ಎಂದರೆ ಕೇಸರ, ಶಲಾಕೆ ಎರಡೂ ಇರುವ ಹೂವು, ಹಾಗಾಗಿ ಅದ್ವಿಲಿಂಗಿಯು ಒಂದೇ ಲಿಂಗದ ಹೂವಾಗಿಬಿಡುತ್ತದೆ. ಸರ್ಕಾರ ಬಳಸುವ 'ಲಿಂಗತ್ವ ಅಲ್ಪಸಂಖ್ಯಾತರು' ಎಂಬುದು ಗುಂಪನ್ನು ಎಣಿಸುವ ಪದ. ಒಬ್ಬರು ತಮ್ಮ ಪರಿಚಯ ಹೇಳಿಕೊಳ್ಳಲು ಅದು ಬರುವುದಿಲ್ಲ. ರಾಜ್ಯವು 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದ ಮೇಲೆ ಅರ್ಜಿಯ ನಮೂನೆಯಲ್ಲಿ ಯಾವ ಪದವಿದೆ ಎಂಬುದು ಹೊಟ್ಟೆಪಾಡಿನ ವಿಷಯವೂ ಆಗಿದೆ. ತಮಿಳುನಾಡು ಸರ್ಕಾರ ಇಂಥ ಪದಗಳ ಪಟ್ಟಿಯೊಂದನ್ನು 2022ರಲ್ಲಿ ರಾಜ್ಯಪತ್ರದಲ್ಲಿಯೇ ಪ್ರಕಟಿಸಿತು.

ಇನ್ನು ಪ್ರಶ್ನೆಯ ಉಳಿದ ಭಾಗ. ಗಂಡಾಗಿ ಹುಟ್ಟಿ ದೇವಿಯ ಸೇವೆಗೆಂದು ಸೀರೆ ಉಟ್ಟು ಬದುಕುವ, ಸವದತ್ತಿಯ ಎಲ್ಲಮ್ಮನ ಒಕ್ಕಲಿನ ಜೋಗಪ್ಪಗಳು ಧಾರವಾಡ, ಗದಗ, ಹಾವೇರಿ ಸೀಮೆಗೆ ಹೊಸಬರಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳನ್ನು ಕುರಿತ 2019ರ ಕೇಂದ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಹಿಜಡಾ, ಅರವಾಣಿಗಳ ಜೊತೆ ಜೋಗ್ತಾ ಎಂಬ ಪದವನ್ನೂ ಸೇರಿಸಿದ್ದರು. ಅವರ ಬದುಕಿಗೆ ಅದರದೇ ದೀಕ್ಷೆ, ಪಡಲಿಗೆ, ಹಾಡು, ಹಸಿವುಗಳಿವೆ. ಎಸಿ ಕೋಣೆಯಲ್ಲಿ ಕುಳಿತು ಕೋಡ್ ಬರೆಯುವ ನಾನು ಆ ಹೆಸರನ್ನು ನನಗೆ ಅನುಕೂಲವೆಂದು ಎತ್ತಿಕೊಳ್ಳುವುದು ಸರಿಯಲ್ಲ. ನನಗೆ ಬೇಕಿರುವುದು ಅವರನ್ನು ಕುರಿತು ಊರವರು ಆಡುವ ಕ್ರಿಯಾಪದ. ಹೆಸರಿನಲ್ಲಿ 'ಅಪ್ಪ' ಇದೆ, ಉಟ್ಟದ್ದು ಸೀರೆ. ಹೀಗಿರುವಾಗ ಹಿರಿಯರು 'ಜೋಗಪ್ಪ ಬಂದಾನ' ಎನ್ನುತ್ತಿದ್ದರೋ, 'ಬಂದಾಳ' ಎನ್ನುತ್ತಿದ್ದರೋ, 'ಬಂದಾರ' ಎನ್ನುತ್ತಿದ್ದರೋ? ಎದುರಿಗೆ ಒಂದು, ಬೆನ್ನ ಹಿಂದೆ ಇನ್ನೊಂದು ರೂಪ ಬಳಕೆಯಲ್ಲಿತ್ತೋ? ಜೋಗಪ್ಪಗಳೇ ತಮ್ಮತಮ್ಮಲ್ಲಿ ಹೇಳುವಾಗ ಯಾವ ರೂಪ ಬರುತ್ತದೆ? ಕಿವಿಯಾರೆ ಕೇಳಿದವರು ಊರಿನ ಹೆಸರು ಮತ್ತು ಇಡೀ ವಾಕ್ಯದೊಂದಿಗೆ ಬರೆದರೆ ಉಪಕಾರವಾಗುತ್ತದೆ. 'ಆತು' ಬಳಕೆ ಗದಗದ ಆಚೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ತಿಳಿಸಿರಿ.