ಬಕ್ಸರ್ ಫಾರ್ವರ್ಡಿಗೆ ಬಳ್ಳಾರಿ ಮನ್ರೋ ಹೇಗೆ ಬಂದ?

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) ಬಿಹಾರದ ಬಕ್ಸರ್ ಯುದ್ಧ, 1764. ಮೂವರು ಅರಸರು ಒಂದಾಗಿ ನಿಂತರು. 40,000 ಸೈನ್ಯ. ಎದುರಿಗೆ ಬರೀ 7,000 ಇಂಗ್ಲಿಷರು. ಗೆದ್ದವನು ಮುಂದೆ ನಮ್ಮ ಬಳ್ಳಾರಿಗೆ ಕಲೆಕ್ಟರ್ ಆಗಿ ಬಂದ ಮನ್ರೋ. ಎಲ್ಲರಿಗೂ ಕಳಿಸಿ 🙏

ಸುಮಾ: ದೊಡ್ಡಪ್ಪ, ಇದನ್ನ ಬೇರೆ ಗುಂಪಿಗೆ ಕಳಿಸಬೇಡಿ. ಬಳ್ಳಾರಿಗೆ ಬಂದದ್ದು ಥಾಮಸ್ ಮನ್ರೋ. ಅವನು ಹುಟ್ಟಿದ್ದೇ 1761ರಲ್ಲಿ, ಬಕ್ಸರ್ ಹೊತ್ತಿಗೆ ಮೂರು ವರ್ಷದ ಕೂಸು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ನಡೆಸಿದವನು ಹೆಕ್ಟರ್ ಮನ್ರೋ.

ಸುಮಾ: 7,000 ಇಂಗ್ಲಿಷರು ಅನ್ನೋದೂ ತಪ್ಪು. ಒಟ್ಟು 7,072ರಲ್ಲಿ ಯುರೋಪಿನವರು 857 ಮಾತ್ರ. 5,297 ಸಿಪಾಯಿಗಳು, 918 ಕುದುರೆ ಸವಾರರು, ಎಲ್ಲ ಈ ನೆಲದವರೇ.

ರವಿ ಭಾವ: ಸರಿ. ಆದ್ರೆ ಬಂಗಾಳದ ನವಾಬನಾಗಿದ್ದ ಮೀರ್ ಕಾಸಿಂ, ಔಧ್‌ನ ನವಾಬ ಶುಜಾ-ಉದ್-ದೌಲಾ, ಮೊಗಲ್ ಬಾದಶಹ ಶಾ ಆಲಂ ಮೂವರೂ ಒಂದಾಗಿದ್ದು ನಿಜ ತಾನೆ? ಕಂಪನಿ ಗೆದ್ದದ್ದು ಕವಾಯತು, ಶಿಸ್ತಿನಿಂದ.

ಸುಮಾ: ಯುದ್ಧದ ದಿನ ಒಂದಾಗಿರಲಿಲ್ಲ ಭಾವ. ದಂಡಿನ ಖರ್ಚಿಗೆ ಶುಜಾಗೆ ತಿಂಗಳಿಗೆ 11 ಲಕ್ಷ ಕೊಡ್ತೀನಿ ಅಂತ ಮೀರ್ ಕಾಸಿಂ ಒಪ್ಪಿದ್ದ. ಕೊಡೋಕೆ ಆಗಲಿಲ್ಲ. ಅವನ ದಳಪತಿ ಸುಮ್ರು ಬಟವಾಡೆ ಬಾಕಿ ಕೇಳ್ತಾ ಅವನ ಡೇರೆಯನ್ನೇ ಮುತ್ತಿದ, ಆಮೇಲೆ ತೋಪು, ಜನ ಸಮೇತ ಶುಜಾ ಕಡೆ ಹೋದ. ಶುಜಾ ಕಾಸಿಂನ ಆಸ್ತಿ ಕಿತ್ಕೊಂಡು ಸೆರೆಯಲ್ಲಿಟ್ಟ. ಶಾ ಆಲಂ ಬಿಡಾರದಲ್ಲಿದ್ದ ಅಷ್ಟೇ, ಸೋಲಾದ ಮೇಲೆ ಇಂಗ್ಲಿಷರ ಪಾಳೆಯಕ್ಕೆ ಬಂದ. ಕಾದಿದ್ದು ಶುಜಾ ಒಬ್ಬನೇ.

ಶಿವಮೊಗ್ಗ ಅತ್ತೆ: ಜಗಳ ಶುರುವಾದದ್ದು ಯಾಕೆ ಅಂತ ಫಾರ್ವರ್ಡಿನಲ್ಲಿ ಒಂದು ಸಾಲೂ ಇಲ್ಲ, ನನಗೆ ಅದೇ ಬೇಜಾರು. ದಸ್ತಕ್ ಅನ್ನೋ ರಹದಾರಿ ಇದ್ದರೆ ಕಂಪನಿ ಸರಕಿಗೆ ಸುಂಕ ಇಲ್ಲ. ಕಂಪನಿ ನೌಕರರು ಅದೇ ಚೀಟಿ ತೋರಿಸಿ ತಮ್ಮ ಸ್ವಂತ ಉಪ್ಪು, ಅಡಿಕೆ, ಹೊಗೆಸೊಪ್ಪು ಸಾಗಿಸಿದರು. ಊರಿನ ವ್ಯಾಪಾರಿ ಮಾತ್ರ ಚೌಕಿ ಚೌಕಿಯಲ್ಲೂ ಸುಂಕ ಕಟ್ಟಬೇಕು. ಮೀರ್ ಕಾಸಿಂ 1763ರಲ್ಲಿ ಎಲ್ಲರ ಸುಂಕವನ್ನೂ ತೆಗೆದುಹಾಕಿದ. ತನ್ನ ಆದಾಯಕ್ಕೇ ಕತ್ತರಿ ಹಾಕಿಕೊಂಡು ಇಬ್ಬರನ್ನೂ ಸಮ ಮಾಡಿದ. ಕಂಪನಿಯವರಿಗೆ ತಡೆಯಲಾಗದೆ ಹೋದದ್ದು ಅದು.

ರವಿ ಭಾವ: ಅತ್ತೆ ಹೇಳಿದ್ದು ಒಪ್ಪುತ್ತೇನೆ. ಆದ್ರೂ ಶಿಸ್ತಿನ ಮಾತು ಬಿಡಲ್ಲ.

ಸುಮಾ: ಶಿಸ್ತು ಅಂದ್ರೆ ಯಾವುದು ಭಾವ? ಸೆಪ್ಟೆಂಬರಿನಲ್ಲಿ ಕಂಪನಿ ಸಿಪಾಯಿಗಳೂ ದಂಗೆ ಎದ್ದಿದ್ದರು. ಮನ್ರೋ 24 ಜನರಿಗೆ ಮರಣದಂಡನೆ ಕೊಟ್ಟು ತೋಪಿನ ಬಾಯಿಗೆ ಕಟ್ಟಿಸಿದ. ಇನ್ನು ಆಯುಧದಲ್ಲಿ ನವಾಬರ ಕಡೆ ಕಮ್ಮಿ ಏನಿರಲಿಲ್ಲ. ಮೀರ್ ಕಾಸಿಂನ ಮುಂಗೇರ್ ಕಾರ್ಖಾನೆಯ ಬಂದೂಕಿನ ನಳಿಗೆ ಇಂಗ್ಲೆಂಡಿನದಕ್ಕಿಂತ ಚೆನ್ನಾಗಿದೆ ಅಂತ ಇಂಗ್ಲಿಷರೇ ಹೇಳಿದ್ದಾರೆ.

ಸುಮಾ: ಕೆಟ್ಟದ್ದು ಎಲ್ಲಿ ಅಂದ್ರೆ, ಶುಜಾ ಮಣ್ಣಿನ ಕೋಟೆಗಟ್ಟು ಬಿಟ್ಟು ಬಯಲಿಗೆ ಬಂದ. ನಡುವೆ ಸುಮ್ರು, ಫ್ರೆಂಚ್ ದಳಪತಿ ಮಾದೆಕ್ ಇವರ ತೋಪಿನ ಸಾಲು ಹೊಡೀತಾ ಇತ್ತು. ಆಗ ಶುಜಾನ ಸರದಾರ ಶುಜಾ-ಕುಲಿ ಖಾನ್ ಸವಾರರ ಜೊತೆ ಅದೇ ತೋಪುಗಳ ಮುಂದಕ್ಕೇ ನುಗ್ಗಿದ. ಹೊಡೆದರೆ ನಮ್ಮವರಿಗೇ ತಾಗುತ್ತೆ, ತೋಪು ನಿಲ್ಲಿಸಬೇಕಾಯ್ತು. ಮುಂದೆ ಕೆಸರು. ಕುದುರೆ ಹೂತು ನಿಧಾನ ಆಯ್ತು, ಸಿಪಾಯಿಗಳ ಗುಂಡಿಗೆ ಸಿಕ್ಕರು, ಖಾನ್ ಸತ್ತ. ಶುಜಾ ಕಡೆಯ ದುರ್ರಾನಿ (ಅಫ್ಘಾನ್) ಸವಾರರು ಇಂಗ್ಲಿಷರ ಹಿಂದಕ್ಕೆ ಹೋದರು, ಅಲ್ಲಿ ಸಾಮಾನು ಲೂಟಿ ಮಾಡ್ತಾ ಉಳಿದುಬಿಟ್ಟರು.

ರವಿ ಭಾವ: ನೋಡು, ಅದನ್ನೇ ನಾನು ಶಿಸ್ತು ಅಂದದ್ದು!

ಸುಮಾ: ಈ ಅರ್ಥದಲ್ಲಿ ಸರಿ. ಒಪ್ಪಿದೆ.

ರವಿ ಭಾವ: ಸೇತುವೆ ವಿಷಯಕ್ಕೆ ಬಾ. ಹಳ್ಳದ ಮೇಲೆ ದೋಣಿ ಸೇತುವೆ ಇತ್ತು. ಸೋತು ಓಡುವಾಗ ಶುಜಾ ತಾನು ದಾಟಿದ ಮೇಲೆ ಅದನ್ನ ಮುರಿಸಿದ. ಹಿಂದೆ ಉಳಿದವರು ನೀರು, ಕೆಸರಿನಲ್ಲಿ ಸತ್ತರು. ಇದು ಕ್ಷಮಿಸೋ ಕೆಲಸ ಅಲ್ಲ.

ಸುಮಾ: ಸತ್ತವರ ಬಗ್ಗೆ ನನಗೂ ಸಂಕಟ ಇದೆ ಭಾವ. ಆದ್ರೆ ಶುಜಾ ಆ ದಿನ ತೋರಿಸಿದ ದೊಡ್ಡ ಸೇನಾನಿ ಬುದ್ಧಿ ಇದೇ ಅಂತ ಮನ್ರೋನೇ ಬರೆದ. ಸೇತುವೆ ಇದ್ದಿದ್ದರೆ ಖಜಾನೆಯೆಲ್ಲ ಕಂಪನಿ ಪಾಲಾಗ್ತಿತ್ತು.

ರವಿ ಭಾವ: ಖಜಾನೆ ಉಳಿಸಿ ಏನು ಮಾಡಿದ? 1765ರ ಆಗಸ್ಟಿನಲ್ಲಿ ಅಲಹಾಬಾದಿನಲ್ಲಿ 50 ಲಕ್ಷ ಕಂಪನಿಗೇ ಕೊಡೋಕೆ ಒಪ್ಪಿದ.

ಸುಮಾ: ಅದಕ್ಕೆ ಮೊದಲು ಮೇ ತಿಂಗಳಲ್ಲಿ ಮರಾಠರ ಜೊತೆ ಸೇರಿ ಕೋರಾದಲ್ಲಿ ಇನ್ನೊಮ್ಮೆ ಕಾದಿದ್ದಾನೆ. ಬಕ್ಸರ್‌ನಲ್ಲೇ ಕೈ ಚೆಲ್ಲಿದವನಲ್ಲ.

ಶಿವಮೊಗ್ಗ ಅತ್ತೆ: 50 ಲಕ್ಷಕ್ಕಿಂತ ದೊಡ್ಡದು ದಿವಾನಿ. ಶಾ ಆಲಂಗೆ ವರ್ಷಕ್ಕೆ 26 ಲಕ್ಷ ಅಂತ ಗೊತ್ತುಮಾಡಿ ಬಂಗಾಳ, ಬಿಹಾರ, ಒಡಿಶಾದ ಕಂದಾಯ ಎತ್ತೋ ಹಕ್ಕು ಬರೆಸಿಕೊಂಡರು. ಸುಂಕ ಕಟ್ಟಲ್ಲ ಅಂತ ಜಗಳ ತೆಗೆದವರ ಕೈಗೇ ಕಂದಾಯದ ಪುಸ್ತಕ ಬಂತು.

ದೊಡ್ಡಪ್ಪ: ಬಳ್ಳಾರಿ ಸಾಲು ತೆಗೀತೀನಿ. ಹಾಗಾದ್ರೆ ಈ ಹೆಕ್ಟರ್‌ಗೂ ನಮಗೂ ಸಂಬಂಧವೇ ಇಲ್ವೇನಮ್ಮ?

ಸುಮಾ: ಇದೆ ದೊಡ್ಡಪ್ಪ. 1780ರಲ್ಲಿ ಹೈದರ್, ಟಿಪ್ಪು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ದಂಡನ್ನ ಮುಗಿಸಿದಾಗ ಹತ್ತಿರದ ಕಾಂಚೀಪುರದಲ್ಲೇ ಇದ್ದು ನೆರವಿಗೆ ತಲುಪದೆ ಹೋದವನು ಇವನೇ. ಭಾರಿ ತೋಪುಗಳನ್ನ ಅಲ್ಲಿನ ಕೆರೆಗೆ ತಳ್ಳಿಸಿ ಮದರಾಸಿಗೆ ಹಿಂದಿರುಗಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿರೋ ಚಿತ್ರ ಆ ಯುದ್ಧದ್ದೇ.

ದೊಡ್ಡಪ್ಪ: ಆಯ್ತು. ಇದನ್ನ ಸೇರಿಸಿ ರಾತ್ರಿ ತಿದ್ದಿ ಹಾಕ್ತೀನಿ. ಸೇತುವೆ ಬಗ್ಗೆ ನಿಮ್ಮಿಬ್ಬರದೂ ಒಂದೊಂದು ಸಾಲು ಬರೆದು ಕಳಿಸಿ.