ಎಚ್‌ಡಿ ಮದುವೆ ವಿಡಿಯೋ ಡಿವಿಡಿಗೆ ಹಾಕ್ಬೇಕು, ಕ್ಲಾರಿಟಿ ಹೋಗ್ಬಾರ್ದು

ದುರ್ಗದ ಹುಡ್ಗ: ಅಕ್ಕನ ಮದುವೆ ವಿಡಿಯೋ 1920×1080 ಐತಿ. ಚಳ್ಳಕೆರೆ ಅಜ್ಜಿ ಮನ್ಯಾಗೆ ಹಳೇ ಡಿವಿಡಿ ಪ್ಲೇಯರ್ ಒಂದೇ ಇರೋದು, ಕನ್ವರ್ಟ್ ಮಾಡಿದ್ರೆ ಮುಖ ಎಲ್ಲಾ ಮಬ್ಬು, ಕೋಟೆ ಹತ್ರ ತೆಗ್ದಿರೋ ಶಾಟಲ್ಲಿ ಕಲ್ಲಿನ ಗೆರೆಗಳು ಮಿಣಮಿಣ ಕುಣಿತಾವೆ. ಹೆಂಗ್ ಮಾಡ್ಲಿ?

ಎಡಿಟಿಂಗ್ ಅಣ್ಣ, ದಾವಣಗೆರೆ: ಸ್ವಲ್ಪನೂ ಹೋಗ್ಬಾರ್ದು ಅಂದ್ರೆ ಆಗಲ್ಲ ತಮ್ಮಾ, ಪಾಲ್ (PAL, ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿ 720×576, ಅಂದ್ರೆ ಪಿಕ್ಸೆಲ್ ಲೆಕ್ಕದಾಗೆ ಐದ್ರಲ್ಲಿ ಒಂದು ಪಾಲು ಅಷ್ಟೇ. ಆದ್ರೂ ಚೆನ್ನಾಗ್ ಕಾಣಂಗೆ ಮಾಡ್ಬೋದು. ಒರಿಜಿನಲ್ ಫೈಲೇ ತಗೋ, ವಾಟ್ಸಾಪಲ್ಲಿ ಬಂದಿದ್ದು ಬ್ಯಾಡ. ಎಂಪೆಗ್-2 (ಡಿವಿಡಿ ವಿಡಿಯೋ ಫಾರ್ಮ್ಯಾಟ್), ಟೂ ಪಾಸ್ (ಫೈಲನ್ನ ಎರಡು ಸಲ ಓದಿ ಕನ್ವರ್ಟ್ ಮಾಡೋದು), ಸೈಜ್ ಚಿಕ್ಕದು ಮಾಡೋ ಸ್ಕೇಲಿಂಗಿಗೆ ಲ್ಯಾಂಕ್ಜೋಸ್ ಅನ್ನೋ ವಿಧಾನ ಆರಿಸ್ಕೋ, ಆಮೇಲೆ 16:9 ಅಂತ ಸೆಟ್ ಮಾಡು ಇಲ್ದಿದ್ರೆ ಮದುಮಕ್ಳು ಉದ್ದುದ್ದ ಕಾಣ್ತಾರೆ. 4.7 ಜಿಬಿ ಡಿಸ್ಕಿಗೆ ಒಂದು ಗಂಟೆ ಆದ್ರೆ 8 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಡೇಟಾ ಅಂತ) ಆರಾಮ್ ಹಿಡಿತತಿ, ಎರಡು ಗಂಟೆ ತುರುಕಿದ್ರೆ 4.5ರ ಹತ್ರ ಇಳಿಸ್ಬೇಕು, ಮುಖ ಮಬ್ಬಾಗೋದು ಅಲ್ಲೇ.

ಹರಿಹರದವ: ಕಲ್ಲು ಕುಣಿಯೋದು ಇಂಟರ್‌ಲೇಸ್ (ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ ತೋರ್ಸೋದು) ಕಾಟ ಇರ್ಬೇಕು. ಒರಿಜಿನಲ್ 1080ಐ, ಅಂದ್ರೆ ಇಂಟರ್‌ಲೇಸ್ ಆಗಿದ್ರೆ ಮೊದ್ಲು ಡಿಇಂಟರ್‌ಲೇಸ್ ಮಾಡಿ ಪೂರ್ತಿ ಫ್ರೇಮ್ ಮಾಡ್ಕೋ, ಆಮೇಲೆ ಚಿಕ್ಕದು ಮಾಡೋದು, ಉಲ್ಟಾ ಅಲ್ಲ. ಆಮೇಲೂ ಕುಣಿದ್ರೆ ಆ ಶಾಟಿಗಷ್ಟೇ ಮೇಲೆ-ಕೆಳಗೆ ಚೂರು ಬ್ಲರ್. ಶಾರ್ಪನ್ ಮಾತ್ರ ಮುಟ್ಬ್ಯಾಡ.

ದುರ್ಗದ ಹುಡ್ಗ: ಥ್ಯಾಂಕ್ಸ್ ಅಣ್ಣಾ, ಊಟದ ಸೀನೆಲ್ಲಾ ಇನ್ನೊಂದು ಡಿಸ್ಕಿಗೆ ಹಾಕ್ತೀನಿ.